ಜಿಮ್ಮಿ ರಾಜರ್ಸನ ಗ್ರಾಮಫೋನ್ ತಟ್ಟೆಗಳು

ಶಾಸನಗಳಲ್ಲಿ ಅರಸರ ಹೆಸರುಗಳನ್ನು ಓದುವ ನಾವು, ದುಡಿಮೆಗಾರನ ಉಸಿರೂ ಶಾಸನವಾಗಬಲ್ಲುದೆಂಬುದನ್ನು ಮರೆಯಲಾಗದು. ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಜನಕನೆನಿಸಿದ ಜಿಮ್ಮಿ ರಾಜರ್ಸನು ಮಿಸಿಸಿಪಿ ಸೀಮೆಯವನು. ರೈಲುಗಳಲ್ಲಿ ಬ್ರೇಕ್ ಹಾಕುತ್ತಿದ್ದವನು. 1924ರಲ್ಲಿ ಆತನಿಗೆ ಕ್ಷಯವೆಂದು ತಿಳಿದುಬಂದಿತು. ಕ್ರಮೇಣ ರೈಲಿನ ದುಡಿಮೆ ತಪ್ಪಿತು, ಹಾಡೇ ಅನ್ನವಾಯಿತು.

1927ರ ಆಗಸ್ಟ್ 4ರಂದು, ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ, ವಿಕ್ಟರ್ ಕಂಪೆನಿಯವರು ಆತನ ಎರಡು ಹಾಡುಗಳನ್ನು ಮುದ್ರಿಸಿಕೊಂಡರು. ಮುಂದಿನ ಆರು ವರ್ಷಗಳಲ್ಲಿ ನೂರಕ್ಕೂ ಮಿಕ್ಕ ಹಾಡುಗಳು ಮುದ್ರಣಗೊಂಡವು. 1931ರಲ್ಲಿ ತನ್ನ ರೋಗವನ್ನೇ ವಸ್ತುವಾಗಿಸಿ ಹಾಡಿದನು. 1933ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ, ಹಾಡುಹಾಡಿನ ನಡುವೆ ಮಂಚದಲ್ಲೊರಗಿ ದಣಿವಾರಿಸಿಕೊಳ್ಳುತ್ತ ಕಡೆಯ ಹಾಡುಗಳನ್ನು ಮುಗಿಸಿದನು. ಮೇ 26ರಂದು ತೀರಿಕೊಂಡನು, ವಯಸ್ಸು 35.

ರೋಗವು ಆ ಉಸಿರನ್ನು ನಿಲ್ಲಿಸಿತು. ತಟ್ಟೆಗಳು ಅದನ್ನು ಉಳಿಸಿದುವು. ಅವು ತಿರುಗಿದಾಗಲೆಲ್ಲ ನಾವು ಇತಿಹಾಸವನ್ನು ಕಿವಿಯಿಂದಲೇ ಓದುತ್ತೇವೆ.