ಮಗುವಿದ್ದಲ್ಲಿಗೆ ಹೋಗುವ ಐಸಿಯು

ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯಿಂದ ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ದೂರವೇನಲ್ಲ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆ, ಯಲಹಂಕ ದಾಟಿದರೆ ಬಂತು. 2020ರ ಸೆಪ್ಟೆಂಬರಿನಲ್ಲಿ ಐಕ್ಯಾಟ್ ಸಂಸ್ಥೆಯ ಏರ್ ಆಂಬುಲೆನ್ಸ್ ಸೇವೆ ಶುರುವಾದದ್ದು ಅಲ್ಲಿಂದಲೇ. 2025ರ ಫೆಬ್ರುವರಿಯಲ್ಲಿ ಇದೇ ಸಂಸ್ಥೆ ಚೆನ್ನೈನ ಇಪ್ಲೇನ್ ಕಂಪನಿಯಿಂದ 788 ವಿದ್ಯುತ್ ಏರ್ ಆಂಬುಲೆನ್ಸ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಹಾರಿದರೆ ಸಾಕು, ಮಗು ಉಳಿಯುತ್ತದೆ ಎಂಬ ನಂಬಿಕೆ ಇಂಥ ಸುದ್ದಿಗಳಿಂದ ಬಲಿಯುತ್ತದೆ. ಅದು ಅರ್ಧ ಸತ್ಯ.

ಹೆಲಿಕಾಪ್ಟರಿನಲ್ಲಿ ರೋಗಿಯನ್ನು ಒಯ್ಯುವುದು ಕೊರಿಯಾ ಯುದ್ಧದಲ್ಲಿ ರೂಢಿಗೆ ಬಂತು; 1970ರ ನವೆಂಬರಿನಲ್ಲಿ ಮ್ಯೂನಿಕ್‌ನ ‘ಕ್ರಿಸ್ಟೋಫ್ 1’ ಅದನ್ನು ನಾಗರಿಕರಿಗೆ ತಂದಿತು. ಅಲ್ಲಿಯವರೆಗೂ ಲೆಕ್ಕವೆಲ್ಲ ಗಾಯಗೊಂಡ ದೊಡ್ಡವರದ್ದೇ.

ಮಕ್ಕಳ ಲೆಕ್ಕ ಬೇರೆ ಎಂದು ಸರಿಯಾಗಿ ಅರಿತದ್ದು ನಂತರದ ಪೀಳಿಗೆಯ ಮಕ್ಕಳ ವೈದ್ಯರು. ಬ್ರಿಟನ್ನಿನಲ್ಲಿ ಮೊದಲು ಸಣ್ಣ ಆಸ್ಪತ್ರೆಯವರೇ ಕೈಗೆ ಸಿಕ್ಕ ವೈದ್ಯರೊಬ್ಬರನ್ನು ಜೊತೆಮಾಡಿ ಮಗುವನ್ನು ಕಳಿಸುತ್ತಿದ್ದರು. 1997ರ ಸರ್ಕಾರಿ ವರದಿಯ ನಂತರ ಈ ಕ್ರಮ ತಿರುವುಮುರುವಾಯಿತು. ದೊಡ್ಡ ಆಸ್ಪತ್ರೆಯ ತರಬೇತಾದ ತಂಡವೇ ಮಗುವಿದ್ದಲ್ಲಿಗೆ ಹೋಗಿ, ಅಲ್ಲೇ ಉಸಿರು, ರಕ್ತದೊತ್ತಡ ಹತೋಟಿಗೆ ತಂದು, ಆಮೇಲೆ ಹೊರಡುವುದು ರೂಢಿಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಐಸಿಯು ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ತಂಡ ಕರೆತಂದ ಮಕ್ಕಳಲ್ಲಿ ಸಾವು ಕಡಿಮೆ ಇರುವುದು ಕಂಡುಬಂತು. ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ ಇದೇ. ಇದಕ್ಕೆ ರೆಕ್ಕೆ ಬೇಕಾಗಿರಲಿಲ್ಲ.

ಕರ್ನಾಟಕದಲ್ಲಿ 2008ರ ರಾಜ್ಯೋತ್ಸವದಂದು 108 ‘ಆರೋಗ್ಯ ಕವಚ’ ಆಂಬುಲೆನ್ಸ್ ಸೇವೆ ಬಂತು. 2015ರಲ್ಲಿ ಬೈಕ್ ಆಂಬುಲೆನ್ಸ್ ಬಂತು. ಆದರೆ ಜನಮನದಲ್ಲಿ ಉಳಿದದ್ದು ಆಂಬುಲೆನ್ಸಿಗಾಗಿ ದಾರಿಯುದ್ದಕ್ಕೂ ಸಂಚಾರ ತೆರವು ಮಾಡುವ ‘ಝೀರೋ ಟ್ರಾಫಿಕ್’. 2019ರ ಏಪ್ರಿಲಿನಲ್ಲಿ ಕಾಸರಗೋಡಿನ ಕುಟುಂಬವೊಂದರ 15 ದಿನದ ಕೂಸನ್ನು ಮಂಗಳೂರಿನಿಂದ ಸುಮಾರು 400 ಕಿ.ಮೀ. ದೂರದ ಕೊಚ್ಚಿಗೆ ಐದೂವರೆ ಗಂಟೆಯಲ್ಲಿ ಒಯ್ದರು. 2020ರ ಫೆಬ್ರುವರಿಯಲ್ಲಿ 40 ದಿನದ ಮತ್ತೊಂದು ಕೂಸು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿತು. ಊರೂರಿನ ಜನ ರಸ್ತೆಗಿಳಿದು ದಾರಿ ಬಿಡಿಸಿದರು. ಆ ಮನುಷ್ಯತ್ವಕ್ಕೆ ಕೈಮುಗಿಯಬೇಕು. ಆದರೆ ವೇಗದ ಮುಳ್ಳನ್ನು ನೋಡಿದಷ್ಟು ಜನ, ಒಳಗೆ ಮಗುವಿನ ಪಕ್ಕ ಯಾರಿದ್ದರು, ಏನೇನು ಉಪಕರಣವಿತ್ತು ಎಂದು ಕೇಳಲಿಲ್ಲ.

ಕೇಳಬೇಕಾದದ್ದು ಅದನ್ನೇ. ಹೊರಡುವ ಮುನ್ನ ಅನುಭವಸ್ಥ ನರ್ಸ್ ಮೊದಲು ಮುಟ್ಟಿ ನೋಡುವುದು ಕೂಸಿನ ಅಂಗಾಲನ್ನು. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮೈ ಆಗಲೇ ಶೀತಕ್ಕೆ ಸೋಲುತ್ತಿದೆ ಎಂದರ್ಥ. ಸಕ್ಕರೆ ಅಂಶ ನೋಡಬೇಕು, ಉಸಿರಿನ ಕೊಳವೆಗೆ ಹಾಕಿದ ಪ್ಲಾಸ್ಟರ್ ಬಿಗಿಯಾಗಿದೆಯೇ ನೋಡಬೇಕು. ಹೆಲಿಕಾಪ್ಟರಿನ ಸದ್ದಿನಲ್ಲಿ ಸ್ಟೆತಾಸ್ಕೋಪ್ ಕೇಳಿಸುವುದಿಲ್ಲ. ಎದೆ ಏರಿಳಿಯುವುದನ್ನೂ ಮಾನಿಟರಿನ ಗೆರೆಯನ್ನೂ ಕಣ್ಣಲ್ಲೇ ಕಾಯಬೇಕು. ಅಲ್ಲಿ ಕೊಳವೆ ಜಾರಿದರೆ ಸರಿಪಡಿಸಲು ಮೊಣಕೈ ಆಡಿಸುವಷ್ಟೂ ಜಾಗ ಸಿಗುವುದು ಕಷ್ಟ.

ಬೀದರ್, ಕಲಬುರಗಿ, ಕಾರವಾರದ ಮಗುವಿಗೆ ಹಾರಾಟ ನಿಜಕ್ಕೂ ವರ. ಮಳೆಗಾಲದ ಮೋಡ ಘಟ್ಟಕ್ಕೆ ಕವಿದರೆ ಕರಾವಳಿಯವರಿಗೆ ಅದೂ ಕಷ್ಟ. ಬಾಶೆಟ್ಟಿಹಳ್ಳಿಗಂತೂ ಲೆಕ್ಕವೇ ಬೇರೆ. ಇಳಿಯಲು ಬಯಲು ಬೇಕು. ಒಂದು ಕಡೆ ಯಲಹಂಕ ವಾಯುನೆಲೆ, ಇನ್ನೊಂದು ಕಡೆ ದೇವನಹಳ್ಳಿ ವಿಮಾನ ನಿಲ್ದಾಣ ಇರುವ ಆಕಾಶದಲ್ಲಿ ಅನುಮತಿ ಬೇಕು. ಎರಡೂ ತುದಿಯಲ್ಲಿ ಆಂಬುಲೆನ್ಸಿಗೆ ಹತ್ತಿಸಿ ಇಳಿಸುವಾಗ ಪ್ರತಿ ಸಲವೂ ಕೊಳವೆ ಜಾರುವ ಭಯ. ಅಷ್ಟರಲ್ಲಿ ರಸ್ತೆಯಲ್ಲೇ ಬೆಂಗಳೂರು ಮುಟ್ಟಬಹುದು.

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಬಾಡಿಗೆ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಮಗುವಿಗೆ ಫಿಟ್ಸ್ ಬಂದರೆ ತಾಯಿ ಮೊದಲು ಓಡುವುದು ದೊಡ್ಡಬಳ್ಳಾಪುರದ ತಾಲ್ಲೂಕು ಆಸ್ಪತ್ರೆಗೆ. ಆ ಹೊತ್ತಿನಲ್ಲಿ ಅಲ್ಲಿಂದ ಫೋನ್ ಬಂದೊಡನೆ ಹೊರಡುವ ಒಬ್ಬ ವೈದ್ಯ, ಒಬ್ಬ ನರ್ಸ್, ಮಕ್ಕಳ ಅಳತೆಯ ವೆಂಟಿಲೇಟರ್ ಇರುವ ಒಂದು ಗಾಡಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸದಾ ಸಿದ್ಧವಿರಬೇಕು. ವಾಣಿ ವಿಲಾಸವೂ ಇದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇದೆ. ಹೆಲಿಪ್ಯಾಡಿನ ಜಾಗ ಗುರುತಿಸುವ ಮೊದಲು ಆರೋಗ್ಯ ಇಲಾಖೆ ಈ ತಂಡಕ್ಕೆ ಹುದ್ದೆಗಳನ್ನು ಮಂಜೂರು ಮಾಡಲಿ.