ಚಿನ್ನದ ಮೀನು ಮತ್ತು ನಮ್ಮ ಕರುಣೆ

ಕೆಲವು ವರ್ಷಗಳ ಹಿಂದೆ ನಾವು ಮನೆ ಬದಲಾಯಿಸಬೇಕಾಗಿ ಬಂದಿತು. ಗಾಜಿನ ತೊಟ್ಟಿಯಲ್ಲಿದ್ದ ಎರಡು ಚಿನ್ನದ ಮೀನುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಾಗ, “ಕೆರೆಗೆ ಬಿಟ್ಟುಬಿಡೋಣ ತಾತ, ಪಾಪ, ಅವೂ ಹಾಯಾಗಿರಲಿ” ಎಂದಳು ಮೊಮ್ಮಗಳು. ಆ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಆದರೆ ಈ ಮೀನಿನ ಚರಿತ್ರೆಯನ್ನು ಓದಿದ ಮೇಲೆ, ಮನುಷ್ಯನ ದಯೆಗೂ ಒಂದು ಚರಿತ್ರೆಯಿದೆಯೆಂಬುದು ಮನವರಿಕೆಯಾಯಿತು.

ಚಿನ್ನದ ಮೀನು ಹುಟ್ಟಿದ್ದು ಚೀನಾದಲ್ಲಿ. ಮೂಲತಃ ಅದು ಬೂದುಬಣ್ಣದ ಸಾಮಾನ್ಯ ಮೀನು. ಎಲ್ಲೋ ಅಪರೂಪಕ್ಕೊಮ್ಮೆ ಕೆಂಪು ಹೊನ್ನಿನ ಮರಿ ಹುಟ್ಟುತ್ತಿತ್ತು. ಹೊಳೆಯಲ್ಲಿ ಅಂಥ ಮೀನು ಬೇಟೆಗಾರ ಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತದೆ. ಅದಕ್ಕೆ ಆಸರೆಯಾದದ್ದು ಬೌದ್ಧರ ಜೀವದಾನದ ಕೊಳ. ಸೆರೆಸಿಕ್ಕ ಪ್ರಾಣಿಯನ್ನು ಬಿಡುಗಡೆ ಮಾಡುವುದು ಪುಣ್ಯವೆಂಬ ಭಾವನೆಯಿಂದ ಇಂಥ ಕೊಳಗಳು ಹುಟ್ಟಿಕೊಂಡವು, ಕ್ರಿ.ಶ. 759ರಲ್ಲಿ ಟಾಂಗ್ ಚಕ್ರವರ್ತಿ ಸುಝೋಂಗ್ 81 ಕೊಳಗಳನ್ನು ಏರ್ಪಡಿಸಿದನು. ಹೀಗೆ ಕರುಣೆಯ ನೆರಳಿನಲ್ಲಿ ಉಳಿದ ಮೀನು, 12ನೆಯ ಶತಮಾನದ ಹೊತ್ತಿಗೆ ಸೋಂಗ್ ಅರಸರ ಅರಮನೆಯ ಕೊಳವನ್ನು ಸೇರಿತು. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳನ್ನೂ, ಗಾಳ ಹಾಕುವ ರಾಜವಿನೋದವನ್ನೂ ವರ್ಣಿಸುತ್ತಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಮೀನು ನೋಟದ ವಿನೋದ. ಇಲ್ಲಿ ಬೇಟೆಯ ವಿನೋದ.

ಮಿಂಗ್ ಅರಸರ ಕಾಲಕ್ಕೆ ಮೀನು ಕೊಳದಿಂದ ಮನೆಯೊಳಗಿನ ಬೋಗುಣಿಗೆ ಬಂದಿತು. ಬೇರೆಬೇರೆಯಾಗಿ ಸಾಕಿ, ಬಾಲ ಇಬ್ಬಗೆಯಾದವನ್ನೂ ಕಣ್ಣು ಉಬ್ಬಿದವನ್ನೂ ಆರಿಸಿ ತಳಿಮಾಡುವುದು ಆಗ ಸುಲಭವಾಯಿತು. 1596ರಲ್ಲಿ ಅಚ್ಚಾದ ಲೀ ಶೀಝೆನ್‌ನ ವೈದ್ಯಗ್ರಂಥವು, ಅದನ್ನು ಮನೆಮನೆಯಲ್ಲೂ ಸಾಕುತ್ತಿದ್ದರೆಂದು ಹೇಳುತ್ತದೆ. ಮುಂದೆ ಅದು ಯೂರೋಪನ್ನು ಸೇರಿತು. 1747ರಲ್ಲಿ ಹೊರೇಸ್ ವಾಲ್ಪೋಲನ ಬೆಕ್ಕು ಇಂಥ ಮೀನಿನ ಆಸೆಯಿಂದ ಪಿಂಗಾಣಿಯ ತೊಟ್ಟಿಗೆ ಬಿದ್ದು ಸತ್ತುದನ್ನು ಕುರಿತು ಥಾಮಸ್ ಗ್ರೇ ಕವಿತೆ ಬರೆದದ್ದು ಸಾಹಿತ್ಯಪ್ರಿಯರಿಗೆ ತಿಳಿದೇ ಇದೆ.

ಸಿರಿವಂತರ ಮನೆಯ ಅಲಂಕಾರವಾಗಿದ್ದಷ್ಟು ದಿನ ಅದನ್ನು ಬಿಸಾಡುವವರಿರಲಿಲ್ಲ. ಅಗ್ಗವಾದ ಮೇಲೆ ಜನರ ಮನೋಭಾವವೂ ಬದಲಾಯಿತು. ಬೋಗುಣಿಯಲ್ಲಿ ಬೆರಳುದ್ದವಿರುವ ಮೀನು, ಕೆರೆಯಲ್ಲಿ ಒಂದಡಿಗೂ ಮೀರಿ ಬೆಳೆಯಬಲ್ಲದು. ದಶಕಗಳ ಕಾಲ ಬದುಕಬಲ್ಲದು. ಸಾಕಲು ಬೇಸರವಾದಾಗ ಕೊಲ್ಲಲು ಮನಸ್ಸು ಬಾರದು. ಆಗ ಕೆರೆಯ ನೆನಪಾಗುತ್ತದೆ. ಆದರೆ ಅದು ತಳವನ್ನು ಕೆದಕಿ, ನೀರನ್ನು ರಾಡಿಯಾಗಿಸಿ, ಜಲಸಸ್ಯಗಳನ್ನು ಕಿತ್ತು, ಅಲ್ಲಿನ ಮೂಲಮೀನುಗಳ ಆಹಾರಕ್ಕೆ ಕೈಹಾಕುತ್ತದೆ. 2021ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಬರ್ನ್ಸ್‌ವಿಲ್ ನಗರಾಡಳಿತವು, ಸಾಕುಮೀನುಗಳನ್ನು ದಯವಿಟ್ಟು ಕೆರೆಗೆ ಬಿಡಬೇಡಿರೆಂದು ಪ್ರಜೆಗಳನ್ನು ಬೇಡಿಕೊಳ್ಳಬೇಕಾಯಿತು. ಪಶ್ಚಿಮ ಆಸ್ಟ್ರೇಲಿಯದ ವಾಸ್ ನದಿಯಲ್ಲಿ, ಇಂಥ ಒಂದು ಮೀನು ಒಂದೇ ವರ್ಷದಲ್ಲಿ 230 ಕಿಲೋಮೀಟರಿನಷ್ಟು ಓಡಾಡಿದ್ದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಇದು ದೂರದ ಕಥೆಯೆಂದು ಸುಮ್ಮನಿರುವಂತಿಲ್ಲ. ತೊಟ್ಟಿಯ ಪಾಚಿಯನ್ನು ತಿನ್ನಲೆಂದು ಸಾಕುವ ದಕ್ಷಿಣ ಅಮೆರಿಕದ ಮೀನೊಂದು 2020ರಲ್ಲಿ ವಾರಾಣಸಿಯ ಗಂಗೆಯಲ್ಲಿ ಬೆಸ್ತರ ಬಲೆಗೆ ಬಿದ್ದಿತು. ಅದು ತಾನಾಗಿ ಸಾಗರ ದಾಟಿ ಬಂದದ್ದಲ್ಲ. ಯಾರದೋ ತೊಟ್ಟಿಯಿಂದಲೋ ಸಾಕಣೆಯ ಕೊಳದಿಂದಲೋ ನದಿಗೆ ಸೇರಿದ್ದು.

ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರು ಮೀನುಗಳಿಗೆ ಪುರಿ ಹಾಕುವುದನ್ನು ನೀವೂ ಕಂಡಿರಬಹುದು. ಅಲ್ಲಿಯೂ ಇರುವುದು ದಯೆಯೇ. ಆದರೆ ಆ ಮೀನು ಆ ಹೊಳೆಯದೇ. ನಾವು ಅದನ್ನು ಅದರ ಮನೆಯಲ್ಲಿಯೇ ಇರಗೊಡುತ್ತೇವೆ. ಪರದೇಶದ ಮೀನನ್ನು ಕೆರೆಗೆ ಬಿಡುವುದರಲ್ಲಿ, ಬಿಟ್ಟ ಮೀನೊಂದು ನಮ್ಮ ಕಣ್ಣಿಗೆ ಕಾಣುತ್ತದೆ. ಅದರಿಂದ ನೆಲೆ ಕಳೆದುಕೊಳ್ಳುವ ನೂರು ಜೀವಗಳು ಕಾಣುವುದಿಲ್ಲ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬೇರೆ ಯಾರ ಮನೆಗಾದರೂ ಕೊಡೋಣ” ಎಂದಳು. ಮೀನು ಸಾಕುವ ಗೆಳೆಯರೊಬ್ಬರ ಮನೆಗೆ ತೊಟ್ಟಿಯ ಸಮೇತ ಕೊಟ್ಟು ಬಂದೆವು. ಸಾಕಲು ಕೈಹಾಕಿದ ಮೇಲೆ ಕೊನೆಯವರೆಗೂ ಹೊಣೆ ಹೊರುವುದೇ ನಿಜವಾದ ಜೀವದಾನವೆಂದು ನನಗೆ ತೋರುತ್ತದೆ.