ಕಪಿಲೆ ನಿಂತ ಮೇಲೆ

ಚಿತ್ರದುರ್ಗ ಸೀಮೆಯ ನೀರಿನ ಚರಿತ್ರೆ ಎಂದರೆ ತಕ್ಷಣ ನೆನಪಾಗುವುದು ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು; ಮತ್ತೊಮ್ಮೆ ಕೋಡಿ ಹರಿಯಲು 2022 ಬರಬೇಕಾಯಿತು. ಈ 89 ವರ್ಷಗಳಲ್ಲಿ ಹಿರಿಯೂರು ತಾಲ್ಲೂಕಿನ ಹರಿಯಬ್ಬೆ, ಧರ್ಮಪುರದ ಕಡೆಯ ಊರುಗಳು ಬದುಕಿದ್ದು ಕೆರೆ, ಬಾವಿ, ಆಮೇಲೆ ಕೊಳವೆಬಾವಿಯನ್ನು ನಂಬಿ. ಅಣೆಕಟ್ಟಿನ ಕಥೆ ಎಲ್ಲರಿಗೂ ಗೊತ್ತು. ಬಾವಿಯ ಬಳಿ ಕೂತ ಸಣ್ಣ ಮೋಟಾರಿನ ಕಥೆಯನ್ನು ಮಾತ್ರ ಯಾರೂ ಚರಿತ್ರೆ ಎಂದುಕೊಂಡಿಲ್ಲ.

ಮೋಟಾರಿಗೆ ಮೊದಲು ಕಪಿಲೆಯಿತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಬಾನಿ ಮೇಲೆ ಬರುತ್ತಿತ್ತು. ಅದರ ಅಪಾಯ ಕಣ್ಣಿಗೆ ಕಾಣುವಂಥದ್ದು: ಹಗ್ಗ ಸವೆದರೆ ಕೈಗೆ ತಿಳಿಯುತ್ತದೆ, ಎತ್ತು ದಣಿದರೆ ನಿಲ್ಲುತ್ತದೆ. ಕರೆಂಟು ಹಾಗಲ್ಲ.

ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬಂದದ್ದು ಬೇಗ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ರೈತನ ಬಾವಿಯ ಸರದಿ ಬಂದದ್ದು ಬಹಳ ತಡವಾಗಿ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಆರಂಭವಾಯಿತು, 1957ರಲ್ಲಿ ವಿದ್ಯುತ್ ಮಂಡಳಿ ಬಂತು. ಮುಂದಿನ ದಶಕಗಳಲ್ಲಿ ಕಂಬಗಳು ಹೊಲಕ್ಕಿಳಿದವು. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತವಾಯಿತು.

ಹಳ್ಳಿ ಈ ಯಂತ್ರವನ್ನು ಸುಲಭವಾಗಿ ಒಪ್ಪಿಕೊಳ್ಳಲು ಕಾರಣವಿದೆ. 1888ರಲ್ಲಿ ಟೆಸ್ಲಾ ಪೇಟೆಂಟ್ ಪಡೆದ ಇಂಡಕ್ಷನ್ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ತಂತಿಯ ಸಂಪರ್ಕವೇ ಬೇಡ. ಸವೆಯುವುದು ಹೆಚ್ಚಾಗಿ ಬೇರಿಂಗ್ ಮಾತ್ರ. ಆದರೆ ಅದಕ್ಕೆ ಮೂರು ಫೇಸೂ ಸಮನಾಗಿ ಬರಬೇಕು. ಒಂದು ಫೇಸ್ ಹೋದರೆ ಮೋಟಾರು ಗುಂಯ್‌ಗುಟ್ಟುತ್ತದೆ, ಉಳಿದ ತಂತಿಗಳಲ್ಲಿ ಕರೆಂಟು ಏರುತ್ತದೆ, ವೈಂಡಿಂಗ್ ಸುಡುತ್ತದೆ. ಇದನ್ನು ತಡೆಯಲೆಂದೇ ಸ್ಟಾರ್ಟರಿನಲ್ಲಿ ರಿಲೇ ಇಟ್ಟಿರುತ್ತಾರೆ.

ಬರದ ಸೀಮೆಯ ಅವಸರ ಆ ರಿಲೇಯನ್ನೇ ಶತ್ರು ಎಂದು ಕಂಡಿತು. ಪದೇಪದೇ ಟ್ರಿಪ್ ಆಗುತ್ತದೆಂದು ಅದನ್ನು ಕಟ್ಟಿಹಾಕಿದರು. ಫ್ಯೂಸಿಗೆ ದಪ್ಪ ತಂತಿ ಸುತ್ತಿದರು. ಎರಡೇ ಫೇಸಿನಲ್ಲಿ ಓಡಿಸಲು ಕಂಡೆನ್ಸರ್ ಹಾಕಿದರು. ರಾತ್ರಿ ಕರೆಂಟು ಯಾವಾಗ ಬರುತ್ತದೋ ಎಂದು ಆಟೋ ಸ್ಟಾರ್ಟರ್ ಬಂತು. ಮೋಟಾರು ಹೊರಡುವಾಗ ನೇರ ಜೋಡಣೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನಿನ ಮೋಟಾರುಗಳೆಲ್ಲ ಒಟ್ಟಿಗೆ ಹೊರಟರೆ ಟಿಸಿ ಸುಡದೆ ಇನ್ನೇನು? ಇದು ರೈತನ ಅಜ್ಞಾನವೆಂದು ಕೈತೊಳೆದುಕೊಳ್ಳುವುದು ಸುಲಭ. ತೋಟ ಒಣಗುತ್ತಿರುವಾಗ ಮೂರು ಫೇಸ್ ಕಾಯುತ್ತ ಕೂರು ಎಂದು ಹೇಳುವುದು ಅಷ್ಟು ಸುಲಭವಲ್ಲ.

ಮೋಟಾರಿನ ಜೊತೆಗೆ ಬರಬೇಕಿದ್ದ ತಿಳಿವಳಿಕೆ ಬಂದದ್ದು ವೈಂಡಿಂಗ್ ಅಂಗಡಿಗಳ ಮೂಲಕ, ಬಾಯಿಮಾತಿನಲ್ಲಿ. ಎತ್ತಿಟ್ಟ ಮೋಟಾರನ್ನು ನೆಲದ ಮೇಲೆ ಬಿಡಬೇಡ, ಹಲಗೆಯ ಮೇಲಿಡು. ಗೊಬ್ಬರದ ಚೀಲದ ಪಕ್ಕ ಬೇಡ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಆಗಾಗ ಶಾಫ್ಟನ್ನು ಕೈಯಲ್ಲಿ ತಿರುಗಿಸು. ಮತ್ತೆ ಜೋಡಿಸುವ ಮುನ್ನ ಮೆಗ್ಗರ್ ಹಿಡಿಸು. ವೈಂಡಿಂಗ್ ತೇವ ಕುಡಿದಿದ್ದರೆ ಗೊತ್ತಾಗುತ್ತದೆ. ಸಬ್‌ಮರ್ಸಿಬಲ್ಲನ್ನು ಕೇಬಲ್ ಹಿಡಿದು ಎತ್ತಬೇಡ, ನೀರಿಲ್ಲದೆ ಓಡಿಸಬೇಡ. ಅದನ್ನು ತಣ್ಣಗಿಡುವುದು ಆ ನೀರೇ.

ಇವು ಯಂತ್ರ ಉಳಿಸುವ ಮಾತುಗಳು. ಮನುಷ್ಯನನ್ನು ಉಳಿಸುವ ಅರ್ಥಿಂಗ್‌ನ ಮಾತು ಮಾತ್ರ ಹಿಂದೆ ಉಳಿಯಿತು. ಅರ್ಥಿಂಗ್ ಇಲ್ಲದಿದ್ದರೂ ಮೋಟಾರು ಓಡುತ್ತದೆ, ನೀರು ಬರುತ್ತದೆ. ಹಾಗಾಗಿ ಅದರ ಕೊರತೆ ಯಾರಿಗೂ ತಟ್ಟುವುದಿಲ್ಲ. ತಟ್ಟುವುದು ರಾತ್ರಿ ಹೊತ್ತು ಒದ್ದೆ ಕಾಲಿನಲ್ಲಿ, ಕರೆಂಟು ಇಳಿದ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿದವನಿಗೆ. ಸುಟ್ಟ ವೈಂಡಿಂಗ್ ಅನ್ನು ಮತ್ತೆ ಸುತ್ತಬಹುದು.

ಊರಿನ ಚರಿತ್ರೆ ಬರೆಯಹೊರಟ ವಿದ್ಯಾರ್ಥಿಗಳು ಶಾಸನದ ಕಲ್ಲಿನ ಮುಂದೆ ನಿಂತಂತೆ ವೈಂಡಿಂಗ್ ಅಂಗಡಿಯ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಯಾವ ವರ್ಷ ಎಷ್ಟು ಮೋಟಾರು ಸುಟ್ಟು ಬಂದವು, ಏಕೆ ಸುಟ್ಟವು ಎಂದು ಕೇಳಿದರೆ, ಬರದ ವರ್ಷಗಳ ಲೆಕ್ಕ ಅಲ್ಲಿಯೂ ಸಿಕ್ಕೀತು.